ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿದ ಮೇಲೆ ವೈ-ಫೈ ಕಾಣುತ್ತಿಲ್ಲ. ಲಿನಕ್ಸ್‌ಗೆ ಹೊಸಬ, ಏನು ಮಾಡಲಿ?

ಮನೆಯ ವೈ-ಫೈ ಮೊಬೈಲ್‌ನಲ್ಲಿ ಸರಿಯಾಗಿ ಬರುತ್ತಿದೆ, ಲ್ಯಾಪ್‌ಟಾಪ್ ಮಾತ್ರ ‘ನೋ ವೈ-ಫೈ ಅಡಾಪ್ಟರ್ ಫೌಂಡ್’ ಎನ್ನುತ್ತಿದೆ, ಮತ್ತೆ ವಿಂಡೋಸ್ ಹಾಕಿಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಐದು ವರ್ಷಗಳ ಹಿಂದೆ ಇದೇ ಸಾಲನ್ನು ನೋಡಿ ನಾನೂ ಕಂಗಾಲಾಗಿದ್ದೆ. ಮೊನ್ನೆಯವರೆಗೂ ವಿಂಡೋಸ್‌ನಲ್ಲಿ ವೈ-ಫೈ ನಡೆಯುತ್ತಿತ್ತು ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಲ್ಯಾಪ್‌ಟಾಪ್‌ನೊಳಗಿನ ವೈ-ಫೈ ಕಾರ್ಡ್ ಕೆಟ್ಟಿರುವ ಸಾಧ್ಯತೆ ತೀರಾ ಕಡಿಮೆ. ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಉಬುಂಟುವಿನೊಳಗೆ ಇನ್ನೂ ಬಂದು ಸೇರಿಲ್ಲ, ಅಷ್ಟೇ.

ಅಲ್ಲಿ ಇಲ್ಲಿ ಸಿಕ್ಕ ಕಮಾಂಡ್‌ಗಳನ್ನೆಲ್ಲ ತಂದು ಟರ್ಮಿನಲ್‌ಗೆ (ಕಮಾಂಡ್ ಬರೆಯುವ ಕಿಟಕಿಗೆ) ಅಂಟಿಸುವುದನ್ನು ಮೊದಲು ನಿಲ್ಲಿಸಿ. ಹೊರಗಿನಿಂದ ಒಂದೇ ಮಾದರಿಯಾಗಿ ಕಾಣುವ ಎರಡು ಲ್ಯಾಪ್‌ಟಾಪ್‌ಗಳೊಳಗೆ ಬೇರೆ ಬೇರೆ ವೈ-ಫೈ ಚಿಪ್ ಇರಬಹುದು. ರೋಗ ಯಾವುದೆಂದು ತಿಳಿಯದೆ ಮದ್ದು ಅರೆಯುವುದು ಬೇಡ. ಟರ್ಮಿನಲ್ ತೆರೆದು ಎಲ್, ಎಸ್, ಪಿ, ಸಿ, ಐ ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಒತ್ತಿ ಎಂಟರ್ ಕೊಡಿ. ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಎಂದಿರುವ ಸಾಲು ನಿಮಗೆ ಬೇಕಾದದ್ದು. ‘ಈಥರ್ನೆಟ್ ಕಂಟ್ರೋಲರ್’ ಎಂದಿರುವುದು ಕೇಬಲ್ ಸಿಕ್ಕಿಸುವ ಜಾಗದ್ದು, ಅದನ್ನು ಬಿಡಿ.

ಆ ಸಾಲಿನಲ್ಲಿ ಚಿಪ್ ತಯಾರಿಸಿದ ಕಂಪನಿಯ ಹೆಸರಿರುತ್ತದೆ. ಇಂಟೆಲ್ ಎಂದಿದ್ದರೆ ಡ್ರೈವರ್ ಕರ್ನಲ್‌ನಲ್ಲೇ, ಅಂದರೆ ಲಿನಕ್ಸ್‌ನ ತಿರುಳಿನಲ್ಲೇ, ಇರುತ್ತದೆ. ಕೀಬೋರ್ಡ್‌ನ ವಿಮಾನದ ಗುರುತಿನ ಕೀಲಿ ಒತ್ತಿಹೋಗಿದೆಯೇ ಎಂದು ನೋಡಿ. ರಿಯಲ್‌ಟೆಕ್ ಆದರೆ ನೀವು ಹಾಕಿರುವ ಉಬುಂಟು ಹಳೆಯದಿರಬಹುದು. ಉದಾಹರಣೆಗೆ 8821ಸಿಇ ಎಂಬ ಚಿಪ್‌ಗೆ ಕರ್ನಲ್‌ನೊಳಗೆ ಬೆಂಬಲ ಬಂದದ್ದೇ 2020ರ 5.9 ಆವೃತ್ತಿಯಲ್ಲಿ. ಹೊಸ ಉಬುಂಟು ಹಾಕಿದರೆ ಸಾಕಾಗುತ್ತದೆ. ಆದರೆ ನೀವು ಹೇಳಿದ ಲಕ್ಷಣ ನೋಡಿದರೆ ಬ್ರಾಡ್‌ಕಾಮ್ ಇರಬೇಕೆಂದು ನನ್ನ ಊಹೆ. ಅದರ ಬಿಸಿಎಂ43142ನಂತಹ ಚಿಪ್‌ಗಳ ಡ್ರೈವರ್ ಮುಕ್ತ ತಂತ್ರಾಂಶವಲ್ಲ, ಆದ್ದರಿಂದ ಕರ್ನಲ್‌ನೊಳಗಿಲ್ಲ. ಬೇರೆಯಾಗಿ ಇಳಿಸಿಕೊಳ್ಳಬೇಕು.

ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಹಾಗೆ. ಇಲ್ಲಿ ಕೈಹಿಡಿಯುವುದು ನಿಮ್ಮ ಆಂಡ್ರಾಯ್ಡ್ ಮೊಬೈಲ್. ಯುಎಸ್‌ಬಿ ಕೇಬಲ್‌ನಿಂದ ಅದನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ‘ಯುಎಸ್‌ಬಿ ಟೆಥರಿಂಗ್’ ಆನ್ ಮಾಡಿ, ಮೊಬೈಲ್‌ನ ಇಂಟರ್ನೆಟ್ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಸಿಗುತ್ತದೆ. ಮೊಬೈಲ್ ಮನೆಯ ವೈ-ಫೈಯಲ್ಲೇ ಇದ್ದರೆ ಡೇಟಾ ಪ್ಯಾಕ್ ಕೂಡ ಖರ್ಚಾಗುವುದಿಲ್ಲ. ಬರೀ ಚಾರ್ಜ್ ಮಾಡುವ ಕೇಬಲ್‌ನಿಂದ ಇದು ಆಗದು, ಫೋಟೋ ವರ್ಗಾಯಿಸಲು ಬಳಸುವ ಕೇಬಲ್ ಬೇಕು. ಸಂಪರ್ಕ ಸಿಕ್ಕಿದ ಮೇಲೆ ಅಪ್ಲಿಕೇಷನ್‌ಗಳಲ್ಲಿ ‘ಅಡಿಷನಲ್ ಡ್ರೈವರ್ಸ್’ ಎಂದು ಹುಡುಕಿ ತೆರೆದು, ಬ್ರಾಡ್‌ಕಾಮ್ ಡ್ರೈವರ್ ಆರಿಸಿ, ಅನ್ವಯಿಸಿ.

ಇಲ್ಲಿಂದ ಮುಂದೆ ನಿಧಾನವಾಗಿ ಓದಿ. ಲ್ಯಾಪ್‌ಟಾಪ್‌ನಲ್ಲಿ ಸೆಕ್ಯೂರ್ ಬೂಟ್ (ನಂಬಿಕೆಯ ತಂತ್ರಾಂಶವನ್ನಷ್ಟೇ ನಡೆಯಲು ಬಿಡುವ ಕಾವಲು) ಚಾಲೂ ಇದ್ದರೆ, ಡ್ರೈವರ್ ಹಾಕುವಾಗ ಒಂದು ಹೊಸ ಪಾಸ್‌ವರ್ಡ್ ಕೇಳುತ್ತದೆ. ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮರುಚಾಲನೆಯಾದಾಗ ನೀಲಿ ಪರದೆಯೊಂದು ಬಂದು, ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀಲಿ ಒತ್ತಲು ಹೇಳುತ್ತದೆ. ಒತ್ತಿ, ‘ಎನ್‌ರೋಲ್ ಎಂಒಕೆ’ ಆರಿಸಿ, ಆ ಪಾಸ್‌ವರ್ಡ್ ಕೊಡಿ. ಈ ಡ್ರೈವರ್ ನಂಬಿಕಸ್ಥ ಎಂದು ಯಂತ್ರಕ್ಕೆ ನೀವು ಒಪ್ಪಿಗೆ ಕೊಡುವ ಕ್ಷಣ ಅದು. ನನಗೆ ಇದನ್ನು ಯಾರೂ ಹೇಳಿರಲಿಲ್ಲ. ನೀಲಿ ಪರದೆ ಕಂಡು ಹೆದರಿ ‘ಕಂಟಿನ್ಯೂ ಬೂಟ್’ ಒತ್ತಿದೆ. ಡ್ರೈವರ್ ಸ್ಥಾಪನೆಯಾಗಿತ್ತು, ಎಲ್ಲೂ ದೋಷದ ಸಂದೇಶವಿಲ್ಲ, ವೈ-ಫೈ ಮಾತ್ರ ಇಲ್ಲ. ಮೂರು ರಾತ್ರಿ ಆ ಕಾರಣ ಹುಡುಕುವುದರಲ್ಲೇ ಕಳೆದೆ. ನಿಮಗೂ ಆ ಪರದೆ ತಪ್ಪಿಹೋದರೆ ಬಯೋಸ್‌ಗೆ (ಲ್ಯಾಪ್‌ಟಾಪ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್‌ಗೆ) ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಬಹುದು. ಜೊತೆಯಲ್ಲಿ ವಿಂಡೋಸ್ ಉಳಿಸಿಕೊಂಡವರು ಮಾತ್ರ ಮೊದಲು ವಿಂಡೋಸ್‌ನ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಕೈಯಲ್ಲಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ವಿಂಡೋಸ್ ಬಾಗಿಲು ಮುಚ್ಚಿಕೊಳ್ಳಬಹುದು.

ವೈ-ಫೈ ಬಂದ ಮೇಲೆ ನಿಮ್ಮ ರೌಟರ್‌ನ ಎರಡು ಹೆಸರುಗಳಲ್ಲಿ 5 ಗಿಗಾಹರ್ಟ್ಸ್‌ನದು ಪಟ್ಟಿಯಲ್ಲಿ ಕಾಣದಿದ್ದರೆ ಚಿಂತಿಸಬೇಡಿ. ಬಿಸಿಎಂ43142 ಕೆಲಸ ಮಾಡುವುದೇ 2.4 ಗಿಗಾಹರ್ಟ್ಸ್‌ನಲ್ಲಿ.

ಇಷ್ಟಾದರೂ ಬಾರದಿದ್ದರೆ ಆ ‘ನೆಟ್‌ವರ್ಕ್ ಕಂಟ್ರೋಲರ್’ ಸಾಲನ್ನು ಇದ್ದ ಹಾಗೆಯೇ ಇಲ್ಲಿ ಬರೆಯಿರಿ. ರಾತ್ರಿ ಕೆಲಸ ಮುಗಿಸಿ ಬಂದು ನೋಡುತ್ತೇನೆ.