ಕೊರೊನಾ ಬಂದಾಗ ಎಚ್‌ಐವಿ ಮಾತ್ರೆ ಮೂರು ತಿಂಗಳಿಗೆ ಒಟ್ಟಿಗೆ ಕೊಡತೊಡಗಿದ್ದೇಕೆ? ಮಳೆಗಾಲದಲ್ಲಿ ಅಷ್ಟನ್ನೂ ಇಡುವುದು ಹೇಗೆ?

2020ರ ಮಾರ್ಚ್‌ನಲ್ಲಿ ಬಸ್ಸು ನಿಂತ ಮೇಲೆ ಹೊಸನಗರ, ತೀರ್ಥಹಳ್ಳಿ ಕಡೆಯಿಂದ ತಿಂಗಳು ತಿಂಗಳು ಶಿವಮೊಗ್ಗಕ್ಕೆ ಬರುವುದು ಆಗದ ಮಾತು. ಹಾಗಾಗಿ ಚಿಕಿತ್ಸೆಯಲ್ಲಿ ಸ್ಥಿರವಾಗಿರುವವರಿಗೆ ಮೂರು ತಿಂಗಳವರೆಗಿನ ಮಾತ್ರೆ ಒಮ್ಮೆಗೇ ಕೊಡಲು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) ಸೂಚಿಸಿತು. ಅದು ಸರಿಯಾದ ನಿರ್ಧಾರ: ಮಾತ್ರೆ ತಪ್ಪಿದರೆ ವೈರಸ್ ಮತ್ತೆ ಹೆಚ್ಚಿ, ಅದೇ ಔಷಧಕ್ಕೆ ಬಗ್ಗದಂತಾಗಬಹುದು.

ಮೂರು ಎಚ್‌ಐವಿ ಔಷಧ ಒಂದರಲ್ಲೇ ಸೇರಿದ ಟಿಎಲ್‌ಡಿ ದಿನಕ್ಕೊಂದೇ ಮಾತ್ರೆ. 90 ದಿನಕ್ಕೆ 30ರ ಮೂರು ಡಬ್ಬಿ. ಆಗುಂಬೆ ಸೀಮೆಯ ಜಡಿಮಳೆಯಲ್ಲಿ ತೇವದ್ದೇ ಕಾಟ. ಯಾರಿಗೂ ಗೊತ್ತಾಗದಿರಲೆಂದು ಮಾತ್ರೆಗಳನ್ನು ಕಾಗದದ ಪೊಟ್ಟಣಕ್ಕೆ ಸುರಿದಿಡುವುದುಂಟು, ದಯವಿಟ್ಟು ಬೇಡ. ಡಬ್ಬಿಯನ್ನೇ ಬಟ್ಟೆಚೀಲದಲ್ಲಿ ಮುಚ್ಚಿಡಿ, ಒಳಗಿನ ತೇವ ಹೀರುವ ಪೊಟ್ಟಣ ತೆಗೆಯಬೇಡಿ. ಒಂದು ಮುಗಿದ ಮೇಲೇ ಇನ್ನೊಂದರ ಸೀಲು ಒಡೆಯಿರಿ. ಗ್ಯಾಸ್ಟ್ರಿಕ್‌ನ ಆಂಟಾಸಿಡ್ ತೆಗೆದುಕೊಳ್ಳುವವರು ಟಿಎಲ್‌ಡಿಯನ್ನು ಅದಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ನುಂಗಬೇಕು. ಹತ್ತು ಮಾತ್ರೆ ಉಳಿದಿರುವಾಗಲೇ ಮಾತ್ರೆ ಕೊಡುವ ಕೇಂದ್ರಕ್ಕೆ ಹೊರಡಿ. ರಸ್ತೆ ಕಡಿದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಅದು ಉಚಿತ.