ಕ್ಲಚ್ ಸವೆದಿದೆಯೇ? ಗೇರ್‌ಬಾಕ್ಸ್ ಇಳಿಸುವ ಮುನ್ನ

ಪ್ರಶ್ನೆ: ನಮ್ಮದು ಕೇಬಲ್ ಕ್ಲಚ್ ಇರುವ ಸಣ್ಣ ಪೆಟ್ರೋಲ್ ಕಾರು. ಸುಮಾರು 70 ಸಾವಿರ ಕಿ.ಮೀ. ಓಡಿದೆ. ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಸದ್ದು ಜೋರಾಗುತ್ತದೆ, ಆದರೆ ಗಾಡಿ ಎಳೆಯುವುದಿಲ್ಲ. ಒಮ್ಮೆ ಸುಟ್ಟ ವಾಸನೆಯೂ ಬಂತು. ಊರೊಳಗೆ ಸಮತಟ್ಟಾದ ರಸ್ತೆಯಲ್ಲಿ ಏನೂ ತೊಂದರೆಯಿಲ್ಲ. ಗ್ಯಾರೇಜಿನವರು ಕ್ಲಚ್ ಸೆಟ್ ಬದಲಿಸಬೇಕು ಎನ್ನುತ್ತಾರೆ. ನಿಜವಾಗಿ ಸವೆದಿದೆಯೇ ಎಂದು ನಾವೇ ತಿಳಿಯುವುದು ಹೇಗೆ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ನೀವು ಬರೆದಿರುವ ಲಕ್ಷಣಗಳು ಕ್ಲಚ್ ಜಾರುತ್ತಿರುವುದನ್ನೇ ಹೇಳುತ್ತವೆ. ಆದರೆ ಜಾರುವುದಕ್ಕೆಲ್ಲ ಸವೆತವೇ ಕಾರಣವಾಗಿರಬೇಕೆಂದಿಲ್ಲ. ಆದ್ದರಿಂದ ಗೇರ್‌ಬಾಕ್ಸ್ ಇಳಿಸಲು ಒಪ್ಪುವ ಮುನ್ನ ಒಂದೆರಡು ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಎಂಜಿನ್ನಿನ ಜೊತೆ ತಿರುಗುವ ಫ್ಲೈವೀಲ್ ಮತ್ತು ಅದಕ್ಕೆ ಬೋಲ್ಟ್ ಮಾಡಿರುವ ಪ್ರೆಷರ್ ಪ್ಲೇಟ್, ಇವೆರಡರ ನಡುವೆ ಕ್ಲಚ್ ಪ್ಲೇಟ್ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. ಪ್ಲೇಟಿನ ಎರಡೂ ಬದಿಗಳಲ್ಲಿ ರಿವೆಟ್ ಹೊಡೆದು ಕೂರಿಸಿರುವ ಲೈನಿಂಗ್ ಇದೆ, ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ದಾಟುವುದು ಈ ಲೈನಿಂಗಿನ ಘರ್ಷಣೆಯ ಬಲದಿಂದಲೇ. ಹಿಡಿತ ಸ್ವಲ್ಪ ಕುಗ್ಗಿದರೂ ಸಮತಟ್ಟಾದ ರಸ್ತೆಯಲ್ಲಿ, ಹಗುರವಾದ ಹೊರೆಯಲ್ಲಿ ಅದು ಸಾಕಾಗುತ್ತದೆ. ತುಂಬಿದ ಗಾಡಿ ಏರು ಹತ್ತುವಾಗ ಎಂಜಿನ್ ತನ್ನ ಪೂರ್ಣ ಬಲವನ್ನು ಹಾಕುತ್ತದೆ, ಆಗಲೇ ಹಿಡಿತ ಸಾಲದಾಗಿ ಪ್ಲೇಟ್ ಜಾರುತ್ತದೆ. ನಿಮಗೆ ಊರಿನಲ್ಲಿ ಕಾಣದ ದೋಷ ಘಾಟಿಯಲ್ಲಿ ಕಾಣುತ್ತಿರುವುದು ಇದರಿಂದ.

ಪರೀಕ್ಷೆಗೆ ಖಾಲಿ ಇರುವ, ನೇರವಾದ ರಸ್ತೆಯನ್ನು ಆರಿಸಿಕೊಳ್ಳಿ. ನಾಲ್ಕನೇ ಗೇರಿನಲ್ಲಿ ಗಂಟೆಗೆ 40–50 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ಮೀಟರಿನಲ್ಲಿ ತೋರಿಸುವ ಆರ್‌ಪಿಎಂ ಮುಳ್ಳನ್ನು ಪಕ್ಕದಲ್ಲಿ ಕುಳಿತವರು ಗಮನಿಸಲಿ. ಗೇರ್ ಬದಲಿಸದೆ ಇರುವಾಗ ಆರ್‌ಪಿಎಂ ಮತ್ತು ವೇಗ ಒಟ್ಟಿಗೇ ಏರಬೇಕು, ಬೇರೆ ದಾರಿಯೇ ಇಲ್ಲ. ಮುಳ್ಳು ಥಟ್ಟನೆ ಮೇಲೆ ಹಾರಿ ವೇಗ ಇದ್ದಲ್ಲೇ ಇದ್ದರೆ ಕ್ಲಚ್ ಜಾರುತ್ತಿದೆ ಎಂದೇ ಅರ್ಥ. ಮುಳ್ಳೂ ಏರದೆ, ವೇಗವೂ ಏರದೆ ಗಾಡಿ ಬರೀ ಬಸವಳಿದಂತೆ ನಡೆದರೆ ದೋಷ ಕ್ಲಚ್ಚಿನದಲ್ಲ. ಆಗ ಕಟ್ಟಿಕೊಂಡ ಏರ್ ಫಿಲ್ಟರ್, ಇಂಧನದ ಒತ್ತಡ, ಸರಿಯಾಗಿ ಬಿಡದ ಬ್ರೇಕ್ ಇವುಗಳ ಕಡೆ ನೋಡಬೇಕು. ಈ ಎರಡು ಸ್ಥಿತಿಗಳನ್ನು ಬೇರ್ಪಡಿಸಿ ನೋಡದೆ, 'ಪಿಕಪ್ ಇಲ್ಲ' ಎಂಬ ಒಂದೇ ಮಾತಿನ ಮೇಲೆ ಕ್ಲಚ್ ಬದಲಿಸುವುದು ವ್ಯರ್ಥ ಖರ್ಚು.

ನಿಂತಲ್ಲೇ ಮಾಡುವ ಇನ್ನೊಂದು ಪರೀಕ್ಷೆಯೂ ಇದೆ. ಮುಂದೆ ಯಾರೂ ಇಲ್ಲದ ಬಯಲಿನಲ್ಲಿ ಹ್ಯಾಂಡ್ ಬ್ರೇಕನ್ನು ಪೂರ್ತಿ ಎಳೆದು, ಬ್ರೇಕಿನ ಮೇಲೂ ಕಾಲಿಟ್ಟು, ಎಂಜಿನ್ ಚಾಲೂ ಇರುವಾಗಲೇ ಮೂರನೇ ಗೇರ್ ಹಾಕಿ ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು. ಹಿಡಿತ ಸರಿಯಿದ್ದರೆ ಎಂಜಿನ್ ತಕ್ಷಣ ಆಫ್ ಆಗುತ್ತದೆ, ಆಗದೆ ತಿರುಗುತ್ತಲೇ ಇದ್ದರೆ ಕ್ಲಚ್ ಬಹಳ ಜಾರುತ್ತಿದೆ. ಇದನ್ನು ಒಂದು ಸಲಕ್ಕಿಂತ ಹೆಚ್ಚು ಮಾಡಬೇಡಿ. ಜಾರುವ ಪ್ರತಿ ಕ್ಷಣವೂ ಲೈನಿಂಗನ್ನು ಸುಡುತ್ತದೆ. ಎಂಜಿನ್ ಆಫ್ ಆದ ಮಾತ್ರಕ್ಕೆ ಕ್ಲಚ್ ಪೂರ್ತಿ ಸರಿಯಿದೆ ಎಂದೂ ತೀರ್ಮಾನಿಸಬೇಡಿ, ಆರಂಭದ ಜಾರುವಿಕೆ ರಸ್ತೆಯ ಮೇಲಿನ ಪರೀಕ್ಷೆಯಲ್ಲಿ ಮಾತ್ರ ಕಾಣುತ್ತದೆ.

ಜಾರುವುದು ಖಚಿತವಾದ ಮೇಲೆ ಮೊದಲು ನೋಡಬೇಕಾದದ್ದು ಪೆಡಲಿನ ಫ್ರೀ ಪ್ಲೇ. ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿದಾಗ ಬಿಗಿ ಸಿಗುವ ಮುನ್ನ ಅದು ಸುಮಾರು ಒಂದರಿಂದ ಎರಡು ಸೆಂಟಿಮೀಟರ್ ಸಡಿಲವಾಗಿ ಚಲಿಸಬೇಕು, ನಿಮ್ಮ ಕಾರಿನ ನಿಖರ ಅಳತೆ ಅದರ ಕೈಪಿಡಿಯಲ್ಲಿರುತ್ತದೆ. ಪ್ಲೇಟ್ ತೆಳುವಾದಂತೆಲ್ಲ ಪ್ರೆಷರ್ ಪ್ಲೇಟಿನ ಸ್ಪ್ರಿಂಗಿನ ಬೆರಳುಗಳು, ಪೆಡಲ್ ಒತ್ತಿದಾಗ ಅವುಗಳನ್ನು ತಳ್ಳುವ ರಿಲೀಸ್ ಬೇರಿಂಗಿನ ಕಡೆಗೆ ಸರಿಯುವುದರಿಂದ, ಕೇಬಲ್ ಕ್ಲಚ್ಚಿನಲ್ಲಿ ಈ ಸಡಿಲ ತಾನಾಗಿಯೇ ಕಡಿಮೆಯಾಗುತ್ತಾ ಹೋಗುತ್ತದೆ. ಪೂರ್ತಿ ಇಲ್ಲವಾದರೆ ಕಾಲು ತೆಗೆದಿದ್ದರೂ ಯಾರೋ ಪೆಡಲನ್ನು ಅರ್ಧ ಒತ್ತಿಟ್ಟ ಹಾಗೆ ಆಗಿ, ಸಾಕಷ್ಟು ದಪ್ಪವಿರುವ ಪ್ಲೇಟ್ ಕೂಡ ಜಾರುತ್ತದೆ. ಕೇಬಲಿನ ತುದಿಯ ನಟ್ ತಿರುಗಿಸಿ ಇದನ್ನು ಕೆಲವೇ ನಿಮಿಷಗಳಲ್ಲಿ ಸರಿಪಡಿಸಬಹುದು. ಸರಿಪಡಿಸಿದ ಮೇಲೂ ಘಾಟಿಯಲ್ಲಿ ಜಾರಿದರೆ, ಅಥವಾ ಹೊಂದಿಸಲು ನಟ್ಟಿನಲ್ಲಿ ಜಾಗವೇ ಉಳಿದಿಲ್ಲವಾದರೆ, ನಿಮ್ಮ ಗ್ಯಾರೇಜಿನವರ ಮಾತು ಸರಿ. ಕೆಲಸ ಮುಂದೂಡಬೇಡಿ. ಲೈನಿಂಗ್ ಮುಗಿದು ರಿವೆಟ್ಟಿನ ತಲೆಗಳು ಫ್ಲೈವೀಲನ್ನು ಕೆರೆಯಲು ತೊಡಗಿದರೆ ಖರ್ಚು ಇನ್ನಷ್ಟು ಏರುತ್ತದೆ.

ಪ್ರಶ್ನೆ: ಗೇರ್‌ಬಾಕ್ಸ್ ಇಳಿಸಿದ ಮೇಲೆ ಪ್ಲೇಟ್ ಒಂದನ್ನೇ ಬದಲಿಸಿದರೆ ಸಾಲದೇ? ಪೂರ್ತಿ ಸೆಟ್ ಹಾಕಿಸಿ ಎಂದು ಒತ್ತಾಯಿಸುವುದು ಹಣ ಮಾಡುವುದಕ್ಕೋ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇಲ್ಲಿ ನಾನು ಗ್ಯಾರೇಜಿನವರ ಪಕ್ಷದಲ್ಲಿದ್ದೇನೆ. ಮುಂದಿನ ಚಕ್ರಗಳಿಂದ ಎಳೆಯುವ ಕಾರುಗಳಲ್ಲಿ ಕ್ಲಚ್ ತಲುಪಬೇಕಾದರೆ ಡ್ರೈವ್ ಶಾಫ್ಟುಗಳನ್ನು ಕಳಚಿ, ಎಂಜಿನ್ನಿಗೆ ಆಧಾರ ಕೊಟ್ಟು, ಗೇರ್‌ಬಾಕ್ಸನ್ನು ಕೆಳಗಿಳಿಸಬೇಕು. ಕೂಲಿಯ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ. ಹಳೆಯ ರಿಲೀಸ್ ಬೇರಿಂಗನ್ನು ಹಾಗೆಯೇ ಬಿಟ್ಟು, ಅದು ಮುಂದೆ ಕೈಕೊಟ್ಟರೆ ಅದೇ ಕೂಲಿಯನ್ನು ಮತ್ತೊಮ್ಮೆ ತೆರಬೇಕಾಗುತ್ತದೆ. ಬಿಸಿಗೆ ಸಿಕ್ಕಿ ನೀಲಿಗಟ್ಟಿದ ಪ್ರೆಷರ್ ಪ್ಲೇಟಿನ ಮೇಲೆ ಹೊಸ ಪ್ಲೇಟ್ ಸಮವಾಗಿ ಕೂರುವುದಿಲ್ಲ, ಗಾಡಿ ಹೊರಡುವಾಗ ಅದುರುತ್ತದೆ. ಆದ್ದರಿಂದ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಂದೇ ಕಂಪನಿಯ ಸೆಟ್ಟಾಗಿ, ಬಿಲ್ ಸಮೇತ ಕೊಳ್ಳಿ. ಹಳೆಯ ಪ್ಲೇಟಿಗೆ ಹೊಸ ಲೈನಿಂಗ್ ಹೊಡೆಸುವ ರೂಢಿ ಉಂಟಾದರೂ, ಪ್ಲೇಟಿನೊಳಗಿನ ಸ್ಪ್ರಿಂಗುಗಳು ಹಳೆಯವೇ ಆಗಿರುವುದರಿಂದ ಕಾರಿಗೆ ನಾನು ಅದನ್ನು ಹೇಳುವುದಿಲ್ಲ.

ನೀವು ಒತ್ತಾಯ ಮಾಡಬೇಕಾದದ್ದು ಬೇರೆ ಕಡೆ. ಗೇರ್‌ಬಾಕ್ಸ್ ಇಳಿಸಿದಾಗ ಅಲ್ಲಿಯೇ ಇದ್ದು ಹಳೆಯ ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡಿ. ಲೈನಿಂಗಿನ ಮೇಲ್ಮೈಗೂ ರಿವೆಟ್ಟಿನ ತಲೆಗೂ ನಡುವೆ ಎಷ್ಟು ಆಳ ಉಳಿದಿದೆ ಎಂಬುದೇ ಸವೆತದ ಅಳತೆ. ಕೈಪಿಡಿಗಳು ಸಾಮಾನ್ಯವಾಗಿ 0.3ರಿಂದ 0.5 ಮಿ.ಮೀ.ವರೆಗಿನ ಮಿತಿಯನ್ನು ಹೇಳುತ್ತವೆ, ಅದಕ್ಕಿಂತ ಕಡಿಮೆಯಿದ್ದರೆ ಪ್ಲೇಟಿನ ಆಯುಸ್ಸು ಮುಗಿದಿದೆ. ಲೈನಿಂಗ್ ದಪ್ಪವಾಗಿಯೇ ಇದ್ದು ಕಪ್ಪಗೆ, ಜಿಡ್ಡಾಗಿದ್ದರೆ ಜಾರಿದ್ದು ಸವೆತದಿಂದಲ್ಲ, ಆಯಿಲಿನಿಂದ. ಆಗ ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಅಥವಾ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಸೀಲ್ ಸೋರುತ್ತಿರುತ್ತದೆ. ಸೀಲ್ ಬದಲಿಸದೆ ಹೊಸ ಸೆಟ್ ಹಾಕಿದರೆ ಅದಕ್ಕೂ ಅದೇ ಗತಿ.

ಫ್ಲೈವೀಲಿನ ಮುಖವನ್ನೂ ಬೆರಳಿನಿಂದ ಸವರಿ ನೋಡಿ. ಗೀರು, ಸಣ್ಣ ಬಿರುಕು, ನೀಲಿ ಮಚ್ಚೆಗಳಿದ್ದರೆ ಹಾಗೆಯೇ ಬಿಡಬಾರದು. ಮೇಲ್ಮೈಯ ಗೀರುಗಳಾದರೆ ಕೈಪಿಡಿಯ ಮಿತಿಯೊಳಗೆ ಲೇತಿನಲ್ಲಿ ಫೇಸಿಂಗ್ ಮಾಡಿಸಬಹುದು, ಬಿರುಕು ಆಳವಾಗಿದ್ದರೆ ಬದಲಿಸಬೇಕು. ಕೆಲವು ಡೀಸೆಲ್ ಕಾರುಗಳಲ್ಲಿರುವ, ಎರಡು ಭಾಗಗಳ ನಡುವೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಫ್ಲೈವೀಲನ್ನು ಮಾತ್ರ ಸಾಮಾನ್ಯವಾಗಿ ಲೇತಿಗೆ ಕೊಡುವಂತಿಲ್ಲ, ಅದು ಕೆಟ್ಟರೆ ಬದಲಿಸಬೇಕಾಗುತ್ತದೆ ಮತ್ತು ಬೆಲೆಯೂ ದುಬಾರಿ.

ಜೋಡಿಸುವಾಗ ಹೊಸ ಪ್ರೆಷರ್ ಪ್ಲೇಟಿನ ಮುಖದ ಮೇಲಿರುವ ತುಕ್ಕು ನಿರೋಧಕ ಎಣ್ಣೆಯನ್ನು ಒರೆಸಿ ತೆಗೆದಿರಬೇಕು, ಲೈನಿಂಗಿಗೆ ಗ್ರೀಸಿನ ಕೈ ತಾಗಬಾರದು, ಪ್ಲೇಟನ್ನು ಅಲೈನ್‌ಮೆಂಟ್ ಟೂಲಿನಿಂದ ನಟ್ಟನಡುವೆ ಕೂರಿಸಿ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಕ್ಲಚ್ಚಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಿಸಲು ಮಾತ್ರ ಬಿಡಬೇಡಿ. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಆ ಧೂಳು ಕೆಲಸಗಾರನ ಶ್ವಾಸಕೋಶಕ್ಕೆ ಅಪಾಯ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಪ್ರಶ್ನೆ: ಬೆಳಗ್ಗೆ ರಿವರ್ಸ್ ಗೇರ್ ಹಾಕಿದರೆ ಕರ್ರ್ ಎನ್ನುತ್ತದೆ. ಪೆಡಲನ್ನು ಎರಡು ಮೂರು ಸಲ ಒತ್ತಿದರೆ ಸಲೀಸಾಗಿ ಬೀಳುತ್ತದೆ. ಇದೂ ಪ್ಲೇಟ್ ಸವೆದ ಲಕ್ಷಣವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲ, ಇದು ಅದಕ್ಕೆ ತದ್ವಿರುದ್ಧ. ಸವೆದ ಪ್ಲೇಟ್ ಹಿಡಿಯುವುದಿಲ್ಲ, ನಿಮ್ಮ ಕಾರಿನಲ್ಲಿ ಪ್ಲೇಟ್ ಬಿಡುತ್ತಿಲ್ಲ. ಪೆಡಲನ್ನು ಪದೇಪದೇ ಒತ್ತಿದಾಗ ಸರಿಯಾಗುತ್ತದೆ ಎಂದರೆ ನಿಮ್ಮದು ಕೇಬಲಿನ ಬದಲು ಫ್ಲೂಯಿಡ್ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ ಇರಬೇಕು, ಅದರ ಕೊಳವೆಯೊಳಗೆ ಗಾಳಿ ಸೇರಿರಬೇಕು ಅಥವಾ ಪೆಡಲಿನ ಕಡೆಯ ಮಾಸ್ಟರ್ ಸಿಲಿಂಡರ್, ಕ್ಲಚ್ಚಿನ ಕಡೆಯ ಸ್ಲೇವ್ ಸಿಲಿಂಡರುಗಳಲ್ಲಿ ಒಂದು ಸೋರುತ್ತಿರಬೇಕು. ಬಾನೆಟ್ ತೆಗೆದು ಫ್ಲೂಯಿಡ್ ಮಟ್ಟ ನೋಡಿ. ಹಲವು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿಯಿಂದ ಫ್ಲೂಯಿಡ್ ಹೋಗುವುದರಿಂದ, ಮಟ್ಟ ಇಳಿದಿದ್ದರೆ ಸೋರಿಕೆ ಎಲ್ಲಿಂದ ಎಂದು ತಿಳಿಯುವವರೆಗೆ ದೂರ ಪ್ರಯಾಣ ಬೇಡ. ಸೋರಿಕೆ ಸರಿಪಡಿಸಿ ಗಾಳಿ ತೆಗೆಸಿದರೆ ಬಹುಪಾಲು ಸಂದರ್ಭಗಳಲ್ಲಿ ತೊಂದರೆ ನೀಗುತ್ತದೆ. ಆದರೆ ಕೆಲವು ಮಾದರಿಗಳಲ್ಲಿ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸಿನ ಒಳಗೇ ಇರುತ್ತದೆ, ಅಂಥವುಗಳಲ್ಲಿ ಅದೇ ಸೋರಿದರೆ ಗೇರ್‌ಬಾಕ್ಸ್ ಇಳಿಸದೆ ವಿಧಿಯಿಲ್ಲ.

ಪ್ರಶ್ನೆ: ಕ್ಲಚ್ ಒತ್ತಿದಾಗ ಮಾತ್ರ ಗುಂಯ್ ಎಂಬ ಸದ್ದು ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ದಿನವೂ ಓಡಿಸುತ್ತೇನೆ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ಒತ್ತಿದಾಗ ಬರುವ ಸದ್ದು ಹೆಚ್ಚಾಗಿ ರಿಲೀಸ್ ಬೇರಿಂಗಿನದು. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಬಂದು, ಒತ್ತಿದಾಗ ನಿಲ್ಲುವ ಸದ್ದಾದರೆ ಅದು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗಿನದಾಗಿರುವ ಸಂಭವ ಹೆಚ್ಚು. ನಿಮ್ಮದು ಮೊದಲನೆಯದು. ಸದ್ದು ಸಣ್ಣದಾಗಿದ್ದು ಪ್ಲೇಟ್ ಜಾರದೆ ಇದ್ದರೆ ಇಂದೇ ಬಿಚ್ಚಿಸಬೇಕಾಗಿಲ್ಲ, ಸದ್ದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಮಾತ್ರ ತಡಮಾಡಬೇಡಿ. ಸಿಗ್ನಲ್ಲಿನಲ್ಲಿ ಕ್ಲಚ್ ಒತ್ತಿಕೊಂಡೇ ಕಾಯುವ ಅಭ್ಯಾಸ ಈ ಬೇರಿಂಗಿನ ಶತ್ರು, ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ಫ್ಲೈಓವರಿನ ಏರಿನಲ್ಲಿ ನಿಲ್ಲಿಸಿಕೊಳ್ಳುವುದು ಪ್ಲೇಟಿನ ಶತ್ರು. ಕೆಂಪು ದೀಪ ಕಂಡೊಡನೆ ನ್ಯೂಟ್ರಲ್‌ಗೆ ಬಂದು ಕಾಲು ತೆಗೆಯಿರಿ, ಏರಿನಲ್ಲಿ ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸಿ, ಓಡಿಸುವಾಗ ಎಡಗಾಲು ಪೆಡಲಿನ ಪಕ್ಕದ ನೆಲದ ಮೇಲಿರಲಿ.