ನಿಮ್ಮ ಟೈಟಸ್ ಸಾಲ್ಟ್ ಲೇಖನದ ಬಗ್ಗೆ

ನಮಸ್ಕಾರ,

19ನೇ ಶತಮಾನದ ಇಂಗ್ಲೆಂಡಿನ ಗಿರಣಿ ಮಾಲೀಕ ಟೈಟಸ್ ಸಾಲ್ಟ್ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗಲ್ಲ. ಬೇಜಾರು ಮಾಡ್ಕೋಬೇಡಿ, ವಿಷಯ ಚೆನ್ನಾಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಬರೆದಿರುವುದು ಸನ್ಮಾನ ಪತ್ರ. 'ಯುಗಪುರುಷ', 'ಕಾರ್ಮಿಕರ ಕಣ್ಮಣಿ' ಎಲ್ಲ ಮೊದಲ ಪುಟದಲ್ಲೇ ಬಂದುಬಿಟ್ಟಿವೆ. 1803ರಲ್ಲಿ ಮಾರ್ಲಿಯಲ್ಲಿ ಹುಟ್ಟಿದ್ದು, ಅಪ್ಪ, ಅಮ್ಮ, ಶಾಲೆ, ಇದಕ್ಕೆಲ್ಲ ಎರಡು ಪುಟ. ಡಾನ್‌ಸ್ಕಾಯ್ ಉಣ್ಣೆಗೆ ಮಾತ್ರ ಒಂದೇ ಸಾಲು! ಕಥೆ ಇರುವುದೇ ಅಲ್ಲಿ ಅಲ್ವಾ? ಬ್ರಾಡ್‌ಫರ್ಡ್‌ನಲ್ಲಿ ಅಪ್ಪನ ಜೊತೆ ಉಣ್ಣೆ ವ್ಯಾಪಾರ ಮಾಡಿಕೊಂಡಿದ್ದವನು ರಷ್ಯಾದ ಆ ಒರಟು, ಸಿಕ್ಕುಸಿಕ್ಕಾದ ಉಣ್ಣೆ ಕೊಂಡ, ನೂಲುವವರು ಯಾರೂ ಅದನ್ನು ಮುಟ್ಟಲಿಲ್ಲ, ಸರಿ ನಾನೇ ನೂಲ್ತೀನಿ ಅಂತ ಹೊರಟ. ವ್ಯಾಪಾರಿ ಗಿರಣಿ ಮಾಲೀಕನಾಗಿದ್ದು ಹೀಗೆ. ಆಮೇಲೆ ಲಿವರ್‌ಪೂಲ್ ಗೋದಾಮಿನಲ್ಲಿ ಕೇಳುವವರಿಲ್ಲದೆ ಬಿದ್ದಿದ್ದ ಅಲ್ಪಾಕಾ (ದಕ್ಷಿಣ ಅಮೆರಿಕದ ಒಂದು ಪ್ರಾಣಿ) ಉಣ್ಣೆ ಮೂಟೆಗಳ ವಿಷಯದಲ್ಲೂ ಅದೇ ಹಟ. ನೇಯುವಾಗ ಉದ್ದದ ಹಾಸುನೂಲಿಗೆ ಹತ್ತಿ, ಅಡ್ಡದ ಹೊಕ್ಕುನೂಲಿಗೆ ಅಲ್ಪಾಕಾ, ಮಿರಮಿರ ಮಿಂಚುವ ಬಟ್ಟೆ. ದುಡ್ಡು ಬಂದಿದ್ದು ಅದರಿಂದ.

ಇನ್ನು ಮೇಯರ್ ಭಾಗ. 1848ರಲ್ಲಿ ಬ್ರಾಡ್‌ಫರ್ಡ್‌ನ ಮೇಯರ್ ಆಗಿ 'ನಗರವನ್ನು ಸಮರ್ಥವಾಗಿ ಮುನ್ನಡೆಸಿದರು' ಅಂತ ಬರೆದು ದಾಟಿದ್ದೀರಿ. ಯಾವ ನಗರ ಸ್ವಾಮಿ ಅದು? ಗಿರಣಿ ಚಿಮಣಿಗಳ ಹೊಗೆ, ನಾರುವ ಕಾಲುವೆ, 1849ರಲ್ಲಿ ಕಾಲರಾ, ನೂರಾರು ಸಾವು. ಊರಿನ ಹಿರಿಯನ ಕುರ್ಚಿಯಲ್ಲಿ ಕೂತವನಿಗೇ ಅದೇ ಊರಲ್ಲಿ ಹಲವು ಗಿರಣಿ, ಆ ಹೊಗೆಯಲ್ಲಿ ಅವನದೂ ಪಾಲಿತ್ತು. ಹೊಗೆ ಕಮ್ಮಿ ಮಾಡುವ ರಾಡ್ಡಾ ಬರ್ನರ್ ತನ್ನ ಗಿರಣಿಗೆ ಹಾಕಿಸಿದ, ಉಳಿದ ಮಾಲೀಕರು ಕಿವಿಗೆ ಹಾಕ್ಕೊಳ್ಳಲಿಲ್ಲ. ಇಷ್ಟು ಗೊತ್ತಾದರೆ ತಾನೇ, ಅವನು ಊರಾಚೆ ಏರ್ ನದಿ ದಡಕ್ಕೆ ಯಾಕೆ ಹೋದ ಅಂತ ಓದುಗನಿಗೆ ತಿಳಿಯೋದು!

ಆ ನದಿ ದಡದಲ್ಲಿ ಅವನು ಕಟ್ಟಿಸಿದ ಗಿರಣಿ ಊರು ಸಾಲ್ಟೇರ್, ಆ ಭಾಗದಲ್ಲಿ ಮಾಹಿತಿ ಜಾಸ್ತಿ ಇದೆ, ಪ್ರಶ್ನೆ ಒಂದೂ ಇಲ್ಲ. 1853ರಲ್ಲಿ ತನ್ನ 50ನೇ ಹುಟ್ಟುಹಬ್ಬಕ್ಕೆ ಗಿರಣಿ ಉದ್ಘಾಟನೆ, ಕ್ರಮೇಣ 800ಕ್ಕೂ ಹೆಚ್ಚು ಮನೆ, ಆಸ್ಪತ್ರೆ, ಸ್ನಾನದ ಮನೆ, ಸರಿ. ಹೆಂಡದಂಗಡಿ ಇರಲಿಲ್ಲ ಅನ್ನೋದನ್ನೂ ಸುಮ್ನೆ ಹೊಗಳಿ ಬಿಟ್ಟಿದ್ದೀರಿ. ಕೆಲಸ ಕೊಡುವವನೂ ಅವನೇ, ಬಾಡಿಗೆ ವಸೂಲಿ ಮಾಡುವವನೂ ಅವನೇ, ಬೀದಿಗಳಿಗೆ ಅವನ ಹೆಂಡತಿ ಮಕ್ಕಳ ಹೆಸರು. ಅಂಥ ಊರಲ್ಲಿ ಕೆಲಸಗಾರನೊಬ್ಬ ಮಾಲೀಕನ ಜೊತೆ ಜಗಳ ಆಡಬಹುದಿತ್ತಾ? ಮಕ್ಕಳು ಅರ್ಧ ಹೊತ್ತು ಶಾಲೆ, ಅರ್ಧ ಹೊತ್ತು ಗಿರಣಿ. ಅವನನ್ನು ಬೈಯಿರಿ ಅಂತಿಲ್ಲ. ಬೇರೆ ಗಿರಣಿ ಊರುಗಳ ಕೊಳಚೆಗೆ ಹೋಲಿಸಿದರೆ ಅಲ್ಲಿ ಬದುಕು ಎಷ್ಟೋ ಮೇಲಿತ್ತು. ಎರಡನ್ನೂ ಅಕ್ಕಪಕ್ಕ ಇಡಿ, ಅಷ್ಟೇ.

1859ರಿಂದ 1861ರವರೆಗೆ ಸಂಸದ, 1869ರಲ್ಲಿ ಬ್ಯಾರನೆಟ್ ಅನ್ನುವ ವಂಶಪಾರಂಪರ್ಯ ಪದವಿ, ಇವಕ್ಕೆ ಒಂದು ಸಾಲು ಸಾಕು. 'ಇಂದಿನ ಉದ್ಯಮಿಗಳು ಇವರಿಂದ ಕಲಿಯಬೇಕು' ಅನ್ನುವ ಕೊನೆಯ ಪ್ಯಾರಾ ಪೂರ್ತಿ ತೆಗೆಯಿರಿ. ಕಾಲರಾ ವರ್ಷದಿಂದ ಶುರು ಮಾಡಿ, ಈಗಿನ ಅರ್ಧದಷ್ಟು ಉದ್ದಕ್ಕೆ ಇಳಿಸಿ ಕಳಿಸಿ. ಅವಸರವೇನಿಲ್ಲ, ಮುಂದಿನ ತಿಂಗಳಾದರೂ ನಡೆಯುತ್ತೆ.